ರೊಟ್ಟಿ ಬಡಿಯೋ ಕೈಗೆ ಜಪಾನಿ ಹಾಡು

ಮಗಳಿಗೆ ಹತ್ತು ತಿಂಗಳಾದಾಗ ಮೊದಲ ಸಲ ಮಸರಕಲ್ಲಿಗೆ ಕರ್ಕೊಂಡು ಬಂದೆ. ಟೋಕಿಯೋದಿಂದ ಹೈದರಾಬಾದಿಗೆ ವಿಮಾನ, ಅಲ್ಲಿಂದ ರಾಯಚೂರಿಗೆ ರೈಲು, ರಾಯಚೂರಿಂದ ಕಾರು. ಅವ್ವ ಬಾಗಿಲದಾಗ ನಿಂತು ಇಬ್ಬರಿಗೂ ನೀರು ನಿವಾಳಿಸಿ ಚೆಲ್ಲಿ, ಕೂಸಿನ್ನ ಎತ್ಕೊಂಡ್ಳು. ಕೂಸು ಓಣಿ ಮಂದಿಯೆಲ್ಲಾ ಕಟ್ಟಿಗೆ ಬರೋ ಹಂಗ ಚೀರ್ತು.

ಹತ್ತು ತಿಂಗಳು ದಿನಾ ವಿಡಿಯೋ ಕಾಲಿನಾಗ ಹಾಡಿದಾಕಿ ಅವ್ವ. ಅಲ್ಲಿ ರಾತ್ರಿ ಎಂಟಾದ್ರ ಇಲ್ಲಿ ಸಂಜಿ ನಾಕೂವರಿ. ಹೊಲದ ಕೆಲಸ ಬಿಟ್ಟು ಬಂದು, ಮುಖ ತೊಳ್ಕೊಂಡು, ಫೋನ್ ಡಬ್ಬಿಗೆ ಆನಿಸಿ ಕುಂದ್ರತಿದ್ಲು. ತೊಟ್ಟಿಲ ಹಾಡು ಹಾಡ್ತಿದ್ಲು, ಚಪ್ಪಾಳಿ ತಟ್ತಿದ್ಲು. ಕೂಸು ಒಂದು ಘಳಿಗಿ ನೋಡಿ ಫೋನಿನ ಮೂಲಿ ಕಚ್ಚತಿತ್ತು. "ನನ್ನ ಗುರುತು ಹಿಡಿದಾಳ ನೋಡು" ಅಂತ ಅವ್ವ ಅಂದ್ರ ನಾ ಹೂಂ ಅಂತಿದ್ದೆ. ಈಗ ಬಾಗಿಲದಾಗ ನಿಂತಾಗ ಆ ಹೂಂ ಸುಳ್ಳಾತು.

ಸುಮ್ಮನಿರಿಸಾಕ ನನಗ ಗೊತ್ತಿದ್ದದ್ದು ಒಂದೇ ದಾರಿ. ಮುಷ್ಟಿ ಮುಚ್ಚೋದು, ಬಿಚ್ಚೋದು, ಚಪ್ಪಾಳಿ ತಟ್ಟೋದು, ಮತ್ತ ಮುಚ್ಚೋದು. ಅದಕ್ಕೊಂದು ಜಪಾನಿ ಹಾಡು ಐತಿ, 'ಮುಸುಂದೆ ಹಿರಾಯಿತೆ' ಅಂತ. ನಾ ಹಾಡಿದೆ. ಕೂಸು ಅಳೋದು ಬಿಟ್ಟು ತಾನೂ ಕೈ ಮುಚ್ಚಿ ಬಿಚ್ಚಾಕ ಸುರು ಮಾಡ್ತು.

"ಇದ್ಯಾವ ಭಾಷಾ ಬೇ?" ಅಂದ್ಳು ಅವ್ವ. ಹೇಳಿದೆ. "ಹೂಂ" ಅಂತ ಒಳಗ ಹೋದ್ಲು. ಅವ್ವ ಹಂಗ ಒಳಗ ಹೋಗೋದು ನನಗ ಸಣ್ಣಾಕಿ ಇದ್ದಾಗಿಂದ ಗೊತ್ತು.

ಜಪಾನಿ ಹಾಡು ನಾ ಹೌಸಿಗೆ ಕಲ್ತದ್ದಲ್ಲ. ನಾವಿರೋದು ನಿಶಿಕಾಸಾಯಿ ಅಂತ, ಟೋಕಿಯೋದ ಎದೊಗಾವಾ ವಾರ್ಡಿನಾಗ. ನಮ್ಮ ದೇಶದ ಮಂದಿ ಭಾಳ ಇರೋ ಜಾಗ ಅದು. ಬ್ಯಾಳಿ, ಹಿಟ್ಟು, ಉಪ್ಪಿನಕಾಯಿ ಎಲ್ಲಾ ಸಿಗ್ತಾವ. ಆದ್ರ ಹಗಲಿಡೀ ಮನಿಯಾಗ ನಾನು, ಕೂಸು ಇಬ್ಬರೇ. ಮಾತು ಬರಲಾರದ ಕೂಸಿನ ಜತಿ ಏನು ಮಾತಾಡೋದು? ಅವ್ವ ಆಗಿದ್ರ ನೀರು ಹಾಕ್ತಾ, ಎಣ್ಣಿ ತಿಕ್ತಾ, ಒಲಿ ಹಚ್ತಾ ಮಾತಾಡ್ತಿದ್ಲು. ನಾ ಸುಮ್ಮನೆ ಹಾಲು ಕುಡಿಸ್ತಿದ್ದೆ, ಬಟ್ಟಿ ಬದಲಿಸ್ತಿದ್ದೆ, ಮಲಗಿಸ್ತಿದ್ದೆ. ಒಂದಿನ ನನ್ನ ದನಿ ನನಗೇ ಹೊಸದು ಅನಿಸ್ತು. ಬೆಳಗ್ಗಿಂದ ಒಂದು ಮಾತೂ ಆಡಿದ್ದಿಲ್ಲ.

ಅಲ್ಲಿ ವಾರ್ಡಿನವರು ಮಕ್ಕಳಿಗಂತ ನಡಸೋ ಮನಿ ಇರ್ತಾವ, ಜಿದೋಕಾನ್ ಅಂತಾರ. ತಾಯಂದಿರು ಚಾಪಿ ಮ್ಯಾಲ ದುಂಡಗ ಕುಂತು ಮಕ್ಕಳನ್ನ ತೊಡಿ ಮ್ಯಾಲ ಇಟ್ಕೊಂಡು ಹಾಡ್ತಾರ. ಮೊದಲ ದಿನ ನಾ ಮೂಲಿಗೆ ಕುಂತಿದ್ದೆ. ಟೀಚರಮ್ಮ ಬಂದ್ರು. ಆಕಿಗೆ ಇಂಗ್ಲಿಷ್ ಬರಂಗಿಲ್ಲ, ನನಗ ಜಪಾನಿ ಬರಂಗಿಲ್ಲ. ನನ್ನ ಅಂಗೈ ಹಿಡಿದು, ಅದರ ಮ್ಯಾಲ ಒಂದು ಬಳ್ಳಿನಿಂದ ಗೆರಿ ಎಳೆದು, ಕಚಗುಳಿ ಇಟ್ಟು, ಮೆಲ್ಲಕ ಒಂದು ಏಟು ಹಾಕಿ, ಚಿವುಟಿ, ಆಮ್ಯಾಲ ಎರಡು ಬಳ್ಳು ಮೆಟ್ಲು ಹತ್ತಿದಂಗ ತೋಳಿನ ಮ್ಯಾಲ ನಡೆಸ್ಕೊಂತ ಬಂದು ಕಂಕುಳದಾಗ ಕಚಗುಳಿ ಇಟ್ರು! 'ಇಪ್ಪೊನ್‌ಬಾಶಿ' ಅಂತ ಆ ಆಟ. ಒಂದೇ ಕಟ್ಟಿಗಿಯ ಸೇತುವಿ ಅಂತ ಅರ್ಥ. ಮೂವತ್ತು ದಾಟಿದ ಹೆಣಮಗಳು ನಾ, ಅಷ್ಟು ಮಂದಿ ನಡುವ ಕಿಲಕಿಲ ನಕ್ಕೆ.

ಅವತ್ತು ಮನಿಗೆ ಬಂದು ಮಗಳ ಕೈ ಮ್ಯಾಲ ಅದನ್ನೇ ಆಡಿದೆ. ಆಕಿನೂ ನಕ್ಳು. ಆಮ್ಯಾಲ ವಾರಕ್ಕೆರಡು ಸಲ ಹೋದೆ. ಹಾಡಿನ ಅರ್ಥ ಅರ್ಧ ಗೊತ್ತಾಗ್ತಿದ್ದಿಲ್ಲ, ಕೈ ಎಲ್ಲಿ ಹೋಗಬೇಕು ಅನ್ನೋದು ಮಾತ್ರ ಗೊತ್ತಿತ್ತು. ಅವ್ವನ ಹಾಡು ಹಾಡಬೇಕಂತ ಕುಂತರ ಎರಡನೇ ಸಾಲಿಗೆ ಮರ್ತು ಹೋಗ್ತಿತ್ತು. ಇದನ್ನ ಅವ್ವಗ ಹೇಳೋ ಧೈರ್ಯ ಇದ್ದಿಲ್ಲ.

ಮಸರಕಲ್ಲಿನಾಗ ಮೂರನೇ ದಿನ ರಾತ್ರಿ, ಮಾಳಗಿ ಮ್ಯಾಲ ಮಲಗಿದಾಗ, ಅವ್ವನ ಸಿಟ್ಟು ಇಳಿಸಬೇಕಂತ ಒಂದು ಆನಿ ಕಥಿ ಹೇಳಿದೆ. ಜಪಾನಿನ ಮಕ್ಕಳಿಗೆಲ್ಲಾ ಬರೋ ಒಂದು ಆನಿ ಹಾಡು ಐತಿ, 'ಜೋ-ಸಾನ್'. ಮಾದೊ ಮಿಚಿಯೊ ಅನ್ನೋ ಕವಿ ಬರೆದದ್ದು. ಅವರಿಗೆ 1994ರಾಗ ಮಕ್ಕಳ ಸಾಹಿತ್ಯಕ್ಕ ಕೊಡೋ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು, ನೂರಾನಾಕು ವರ್ಷ ಬದುಕಿದ್ರು. ಆದ್ರ ಯುದ್ಧದ ಟೈಮಿನಾಗ, 1943ರಾಗ, ಟೋಕಿಯೋದ ಉಯೆನೊ ಝೂದಾಗ ಇದ್ದ ಆನಿಗಳನ್ನ ಉಪವಾಸ ಕೆಡವಿ ಸಾಯಿಸಿದ್ರು. ಯುದ್ಧ ಮುಗಿದ ಮ್ಯಾಲ ಅಲ್ಲಿ ಮಕ್ಕಳು ನೆಹರೂ ಅವರಿಗೆ ಕಾಗದ ಬರೆದ್ರು, ನಮಗೊಂದು ಆನಿ ಕಳಿಸ್ರಿ ಅಂತ. 1949ರಾಗ ನೆಹರೂ ಕಳಿಸಿದ್ರು, ಮಗಳ ಹೆಸರಿಟ್ಟು: ಇಂದಿರಾ. ಆ ಆನಿ ನಮ್ಮ ಮೈಸೂರು ಕಡಿದು. ಅದಕ್ಕ ಕನ್ನಡ ಬಿಟ್ರ ಬೇರೆ ಮಾತು ತಿಳೀತಿದ್ದಿಲ್ಲ. ಜತಿಗೆ ಹೋದ ಇಬ್ಬರು ಮಾವುತರ ಹತ್ರ ಅಲ್ಲಿಯವರು ಎರಡು ತಿಂಗಳು ಕುಂತು, ಆನಿಗೆ ಏಳು, ಕುಂದ್ರು ಅನ್ನೋ ಅಷ್ಟು ಕನ್ನಡ ಕಲ್ತರಂತ.

ಅವ್ವ ಆಕಾಶ ನೋಡ್ಕೊಂತ ಕೇಳಿದ್ಲು. ಆಮ್ಯಾಲ ಅಂದ್ಳು: "ಆನಿ ಸಲುವಾಗಿ ಅವ್ರು ಕನ್ನಡ ಕಲ್ತರು. ನೀ ಹೆತ್ತ ಕೂಸಿಗೆ ಕಲಸವಲ್ಲಿ."

ನನ್ನ ಕಥಿ ನನಗೇ ತಿರುಗಿ ಬಡೀತು. ಬೆಳತನ ನಿದ್ದಿ ಬರಲಿಲ್ಲ.

ಮರುದಿನ ಅವ್ವ ರೊಟ್ಟಿ ಮಾಡಾಕ ಕುಂತಿದ್ಲು. ಕೂಸು ದೂರ ಗ್ವಾಡಿಗೆ ಆನಿಕೊಂಡು ಕುಂತು ನೋಡ್ತಿತ್ತು. ಇನ್ನೂ ಅವ್ವನ ಹತ್ರ ಹೋಗ್ತಿದ್ದಿಲ್ಲ. ಅವ್ವ ಜ್ವಾಳದ ಹಿಟ್ಟಿಗೆ ಬಿಸಿನೀರು ಹಾಕಿ ಮುಷ್ಟಿ ಕಟ್ಟಿ ನಾದಿದ್ಲು. ಮುಷ್ಟಿ ಬಿಚ್ಚಿ ಉಂಡಿ ಮಾಡಿದ್ಲು. ಪರಾತದಾಗ ಹಿಟ್ಟು ಉದುರಿಸಿ ಟಪ್ ಟಪ್ ಅಂತ ಬಡೀತಾ ತಿರುಗಿಸಿದ್ಲು. ಮುಚ್ಚೋದು, ಬಿಚ್ಚೋದು, ತಟ್ಟೋದು. ಎರಡನೇ ರೊಟ್ಟಿಗೆ ಕೂಸು ತಾನೂ ಸುರು ಮಾಡ್ತು. ಮುಷ್ಟಿ ಮುಚ್ತು, ಬಿಚ್ತು, ಚಪ್ಪಾಳಿ ತಟ್ಟಿ ಅವ್ವನ ಮಾರಿ ನೋಡ್ತು. ಹಾಡೋದು ಇನ್ನ ನಿಂದು ಅನ್ನೋ ಹಂಗ.

"ಏನ ಕೇಳಾಕತ್ತೈತಿ ಬೇ ಇದು?"

"ಆ ಹಾಡು ಯವ್ವಾ. ನೀ ಅದನ್ನ ಹಾಡಾಕತ್ತೀದಿ ಅಂತ ತಿಳ್ಕೊಂಡಾಳ."

"ಹೇಳು ಮತ್ತ, ಏನದು?"

ಹೇಳಿಕೊಟ್ಟೆ. ಅವ್ವಗ 'ಮುಸುಂದೆ' ನಾಲಿಗಿಗೆ ಹತ್ತಲಿಲ್ಲ. 'ಮುಸುರಿ ಆಯಿತೇ' ಅಂತ ಹಾಡಿದ್ಲು. ಮುಸುರಿ ಭಾಂಡಿ ತಿಕ್ಕಿದ್ದು ಆತಾ ಅಂತ! ಕೂಸು ಕೇಕಿ ಹಾಕ್ತು. ಅವ್ವ ಹಿಟ್ಟಿನ ಕೈಲೇ ಮುಚ್ಚಿ ಬಿಚ್ಚಿ ಹಾಡಿದ್ಲು. ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೋತು.

ಆ ರಾಗದ್ದೂ ಒಂದು ಮಜಾ ಐತಿ. ತತ್ವಜ್ಞಾನಿ ರೂಸೋ ತನ್ನ 1752ರ ಸಂಗೀತ ನಾಟಕಕ್ಕ ಮಾಡಿದ ರಾಗದಿಂದ ಅದು ಬಂದೈತಿ ಅಂತ ಹೇಳ್ತಾರ. ಆಮ್ಯಾಲ ಚರ್ಚಿನ ಹಾಡಾಗಿ, ಮೇಜಿ ಕಾಲದಾಗ ಜಪಾನಿನ ಸಾಲಿ ಪುಸ್ತಕಕ್ಕ ಹೋಗಿ, ಮಕ್ಕಳ ಕೈಯಾಟ ಆತು. ನಮ್ಮವ್ವನ ಒಲಿ ಮುಂದ ಬಂದಾಗ ಅದಕ್ಕ ಮುಸುರಿ ಕೂಡ್ಕೊಂತು.

ಆ ದಿನ ಸಂಜಿಗೆ ಕೂಸು ತಾನಾಗೇ ಅವ್ವನ ಮುಂದ ಅಂಗೈ ಚಾಚ್ತು, ಇಪ್ಪೊನ್‌ಬಾಶಿ ಬೇಕಂತ. ಅವ್ವಗ ಆ ಹೆಸರು ಗೊತ್ತಿಲ್ಲ. ಆಕಿ ತನ್ನದೇ ಆಡಿದ್ಲು: ಅಂಗೈಯಾಗ ಮೊಣಕೈ ಊರಿ ಗಿರಗಿರ ತಿರುಗಿಸಿ ಅಂಬಲಿ ಕಾಸಿ, ಐದು ಬಳ್ಳಿಗೂ ಒಂದೊಂದು ತುತ್ತು ಹಂಚಿ, ಉಳಿದದ್ದು ತಗೊಂಡು ತೋಳು ಹತ್ತಿ ಅಜ್ಜಿ ಮನಿಗೆ ಹೊಂಟು ಕಂಕುಳದಾಗ ಕಚಗುಳಿ. ನೋಡ್ತಾ ಕುಂತವಳಿಗೆ ನನ್ನ ಕಂಕುಳವೇ ಜುಮ್ ಅಂತು. ಇದೇ ಆಟ ನನ್ನ ಕೈ ಮ್ಯಾಲ ಇದೇ ಕೈ ಆಡಿತ್ತು. ಮರ್ತ ಎರಡನೇ ಸಾಲು, ಮೂರನೇ ಸಾಲು, ಎಲ್ಲಾ ಅವ್ವನಕಿಂತ ಮೊದಲೇ ನನ್ನ ಬಾಯಿಗೆ ಬಂತು. ಅವ್ವ ತಿರುಗಿ ನೋಡಿದ್ಲು, ಏನೂ ಅನ್ನಲಿಲ್ಲ.

ಫೋನಿನಾಗ ಹತ್ತು ತಿಂಗಳು ಆಗಲಾರದ್ದು ನಾಕು ದಿನದಾಗ ಆತು. ಪೆಟ್ರಿಶಿಯಾ ಕೂಲ್ ಅನ್ನೋ ವಿಜ್ಞಾನಿ ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನಿ ಭಾಷಾ ಕೇಳಿಸಿ ನೋಡಿದ್ದರು, 2003ರಾಗ ಅಚ್ಚಾತು. ಎದುರಿಗೆ ಮನಷ್ಯಾರು ಕುಂತು ಆಡಿಸಿದ ಕೂಸುಗಳು ಆ ಭಾಷಾದ ಸದ್ದು ಗುರುತು ಹಿಡಿದವು. ಅದನ್ನೇ ಟಿವಿಯಾಗ ನೋಡಿದವು ಏನೂ ಕಲೀಲಿಲ್ಲ. ಇನ್ನೊಂದು ಅಭ್ಯಾಸದಾಗ, ಆರೇಳು ತಿಂಗಳಿನಾಗ ರ, ಲ ಬ್ಯಾರೆ ಅಂತ ಗುರುತಿಸೋ ಜಪಾನಿ ಕೂಸುಗಳು ವರ್ಷ ತುಂಬೋದ್ರಾಗ ಆ ಕಿವಿ ಕಳ್ಕೊಂತಾವ ಅಂತ ಕಂಡ್ರು, ಯಾಕಂದ್ರ ಅವರ ಭಾಷಾದಾಗ ಎರಡಕ್ಕೂ ಒಂದೇ ಸದ್ದು. ಇದನ್ನ ಓದಿದಾಗಿಂದ ನನಗ ಒಳಗೊಳಗ ಅಂಜಿಕಿ ಇತ್ತು. ನಮಗ ರ, ಲ ಅಷ್ಟೇ ಅಲ್ಲ, ಳ ಬೇರೆ ಐತಿ. ಅವ್ವಗ ಇದೇನೂ ಗೊತ್ತಿಲ್ಲ. ದಿನಾ ಮಧ್ಯಾಹ್ನ ಬಾಳಿಹಣ್ಣು ಕಿವುಚಿ, ತುತ್ತಿಗೊಂದು ಸಲ "ಬಾಳಿ, ಬಾಳಿ" ಅಂತ ಬಾಯಿ ತೆಗೆದು ತೋರಿಸ್ತಿದ್ಲು.

ಆರು ವಾರ ಇದ್ದು ವಾಪಸ್ ಬಂದ್ವಿ. ಈಗ ಸಂಜಿ ನಾಕೂವರಿಗೆ ಅವ್ವ ಹಿಟ್ಟಿನ ಪರಾತ ಮುಂದಿಟ್ಕೊಂಡೇ ಫೋನ್ ಹಚ್ತಾಳ. ಮುಷ್ಟಿ ಮುಚ್ಚಿ, "ಮುಸುರಿ ಆಯಿತೇ" ಅಂತಾಳ. ಕೂಸು ಈ ಕಡಿ ಮುಚ್ಚಿ ಬಿಚ್ಚಿ ತಟ್ಟತೈತಿ. ಆಮ್ಯಾಲ ಅಂಗೈ ತಂದು ಫೋನಿಗೆ ಒತ್ತತೈತಿ. ಅವ್ವ ಅಲ್ಲೇ ಗಾಳಿಯಾಗ ಅಂಬಲಿ ಕಾಸ್ತಾಳ. ತೋಳು ಹತ್ತೋ ಹೊತ್ತಿಗೆ ನನ್ನನ್ನ ಕೂಗ್ತಾಳ, "ಇನ್ನ ನೀ ಹತ್ತಿಸಬೇ" ಅಂತ.