ಟೋಗಟೀ ಘಟ್ಟದ ಹಿಮವಾಹನಗಳು

ಅಮೆರಿಕಾ ಸಂಯುಕ್ತ ಸಂಸ್ಥಾನದ ವಯೋಮಿಂಗ್ ಪ್ರಾಂತದಲ್ಲಿ, ಡೂಬಾಯ್ಸ್ ಎಂಬ ಊರಿನಿಂದ ಪಶ್ಚಿಮಾಭಿಮುಖವಾಗಿ ಹೊರಟ ಹೆದ್ದಾರಿಯು ಟೋಗಟೀ ಘಟ್ಟವನ್ನು ಏರುವುದು. ಇದರ ಎತ್ತರ 9,658 ಅಡಿ. ಈ ನೆತ್ತಿಯಿಂದ ಪೂರ್ವಕ್ಕೆ ಹರಿದ ನೀರು ಮೆಕ್ಸಿಕೋ ಕೊಲ್ಲಿಯನ್ನೂ, ಪಶ್ಚಿಮಕ್ಕೆ ಹರಿದುದು ಶಾಂತ ಮಹಾಸಾಗರವನ್ನೂ ಸೇರುವುದು. ಆಚೆ ಇಳಿಯುವಾಗ ಟೀಟನ್ ಶಿಖರಗಳು ಬೆಳ್ಳಿಯ ಗರಗಸದಂತೆ ತೋರುವುವು.

ಚಳಿಗಾಲದಲ್ಲಿ ಇಲ್ಲಿನ ಕಾಡುಗಳಲ್ಲಿ ಹಿಮವು ಆಳೆತ್ತರ ಕೂಡುವುದುಂಟು. ಆಗ ಸವಾರರು ಸ್ನೋಮೊಬೈಲುಗಳನ್ನು ಹೊರತರುವರು. ಮುಂದೆ ಎರಡು ಜಾರುಹಲಗೆ, ಹಿಂದೆ ಹಿಮವನ್ನು ಅಗೆಯುತ್ತ ಸುತ್ತುವ ರಬ್ಬರಿನ ಪಟ್ಟಿ. ವೇಗದ ಹಿಡಿತವೆಲ್ಲ ಬಲಗೈ ಹೆಬ್ಬೆರಳಿನಲ್ಲಿ.

ಆದರೆ ಈ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ನೂರಕ್ಕೆ 70ರಷ್ಟು ಮಾತ್ರ. ಮನುಷ್ಯನಂತೆ ಯಂತ್ರವೂ ಇಲ್ಲಿ ಏದುಸಿರು ಬಿಡುವುದು. ಆದ್ದರಿಂದ ಅದಕ್ಕೆ ಕಮ್ಮಾರನ ತಿದಿಯಂತೆ ಗಾಳಿಯನ್ನು ತುಂಬುವ ಸಾಧನವೊಂದು ಬೇಕು. ಸೂಪರ್‌ಚಾರ್ಜರನ್ನು ಯಂತ್ರವೇ ಪಟ್ಟಿಯ ಮೂಲಕ ತಿರುಗಿಸುವುದರಿಂದ ಬೆರಳು ಒತ್ತಿದೊಡನೆ ಬಲವು ಸಮವಾಗಿ ಏರುವುದು; ಅದಕ್ಕೆ ತೆರುವ ಸುಂಕವು ಯಂತ್ರದ ಶಕ್ತಿಯಲ್ಲಿಯೇ ಒಂದು ಪಾಲು. ಟರ್ಬೋಚಾರ್ಜರನ್ನಾದರೋ ಹೊರಬೀಳುವ ಬಿಸಿ ಹೊಗೆಯೇ ತಿರುಗಿಸುವುದು. ಬಲವು ಮಿತವ್ಯಯದ್ದು, ಆದರೆ ಹೊಗೆಯು ರಭಸಗೊಳ್ಳುವವರೆಗೆ ಕ್ಷಣಕಾಲ ತಡ.

ದೇವದಾರುಗಳ ನಡುವೆ, ವಾಹನವನ್ನು ಒಂದು ಪಕ್ಕಕ್ಕೆ ಒರಗಿಸಿ ಇಳಿಜಾರನ್ನು ಅಡ್ಡ ಹಾಯುವಾಗ ಆ ಕ್ಷಣವೇ ದೊಡ್ಡದು. ತಡೆದ ಬಲವು ಒಮ್ಮೆಲೇ ಬಂದರೆ ಪಟ್ಟಿಯು ಹಿಮದಲ್ಲಿ ಹಳ್ಳ ತೋಡುವುದು, ಜಾರುಹಲಗೆಗಳು ಮೇಲೇಳುವುವು, ಎದುರಿಗೆ ಮರ! ಇಷ್ಟನ್ನೇ ಕೇಳಿದವರು ಸೂಪರ್‌ಚಾರ್ಜರಿಗೇ ಮಣೆ ಹಾಕಿಯಾರು. ಆದರೆ ಅದನ್ನು ಹೆಚ್ಚಾಗಿ ಜೋಡಿಸಿದುದು ಭಾರವಾದ ನಾಲ್ಕು ಹೊಡೆತದ ಯಂತ್ರಗಳಿಗೆ. ಸಡಿಲ ಹಿಮದಲ್ಲಿ ಅವುಗಳ ಮೂತಿ ಹೂಳುವುದು, ಹೊರಳಿಸುವಷ್ಟರಲ್ಲಿ ತೋಳು ಸೋಲುವುದು. 2019ರಲ್ಲಿ ಸ್ಕೀ-ಡೂ ತಯಾರಕರು ಹಗುರವಾದ ಎರಡು ಹೊಡೆತದ ಯಂತ್ರಕ್ಕೆ ಕಾರ್ಖಾನೆಯಲ್ಲಿಯೇ ಟರ್ಬೋ ಜೋಡಿಸಿ, 8,000 ಅಡಿಯವರೆಗೂ 165 ಕುದುರೆಬಲ ಕುಂದದೆಂದು ಸಾರಿದರು. (ಟೋಗಟೀ ಅದಕ್ಕೂ ಮೇಲಿದೆಯೆಂಬುದು ಬೇರೆ ಮಾತು.) ಇವುಗಳ ಗತಿಚಕ್ರಗಳು ತಾವಾಗಿಯೇ ಹೊಂದಿಕೊಂಡು ಯಂತ್ರವನ್ನು ಸದಾ ರಭಸದಲ್ಲಿಡುವುದರಿಂದ ಆ ತಡವೂ ಬಹಳ ಮಟ್ಟಿಗೆ ಮರೆಯಾಗುವುದು. ನಮ್ಮೆಣಿಕೆಯಲ್ಲಿ ಈ ಕಾಡಿಗೆ ಹಗುರವಾದ ಟರ್ಬೋ ವಾಹನವೇ ಮೇಲು.

ಬಲ ಹೆಚ್ಚಿದಂತೆ ಸವಾರನ ಕಣ್ಣು ಕಡಿದಾದ ಬೋಳುಗುಡ್ಡಗಳ ಮೇಲೆ ಬೀಳುವುದು. ಹಿಮರಾಶಿಯು ಕುಸಿಯುವುದೂ ಅಲ್ಲಿಯೇ. ಬಲ್ಲವರು ಸಂಕೇತಯಂತ್ರ, ಶೋಧನೆಯ ಕೋಲು, ಸಲಿಕೆಗಳಿಲ್ಲದೆ ಹೊರಡರು. ಒಮ್ಮೆಗೆ ಒಬ್ಬನೇ ಏರುವನು, ಉಳಿದವರು ಕುಸಿತದ ದಾರಿಯಿಂದ ದೂರ ನಿಂತು ಅವನಲ್ಲಿಯೇ ದೃಷ್ಟಿ ನೆಟ್ಟಿರುವರು.