ಐದು ಮಡಿಕೆಯ ಸೀರೆ

ನಮ್ಮ ಆಯಿ ಯಾವ ಬಟ್ಟೆಯನ್ನೂ ಚಿಂದಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಉಡುವಷ್ಟು ದಿನ ಸೀರೆ, ನಿರಿಗೆಯ ಜಾಗ ಜಾಳಾದ ಮೇಲೆ ಹೊದೆಯುವ ಕೌದಿ. ನಡುವಿನ ಕಾಲವನ್ನು ಅದು ಟ್ರಂಕಿನ ತಳದಲ್ಲಿ ಕಳೆಯುತ್ತಿತ್ತು. ಧಾರವಾಡದಲ್ಲಿ ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತೆಂದರೆ, ಬೇಸಿಗೆಯಲ್ಲೇ ಒಗೆದು ಒಣಗಿಸಿಟ್ಟ ಆ ಸೀರೆಗಳು ಪಡಸಾಲೆಗೆ ಬರುತ್ತಿದ್ದವು. ಆಯಿ ನೆಲದ ಮೇಲೆ ಸೀರೆ ಹಾಸಿ, ಅದರ ಮೇಲೆ ಅಜ್ಜನ ಹಳೆಯ ಧೋತರ ಹಾಸಿ, ಮತ್ತೆ ಮೇಲೊಂದು ಸೀರೆ ಹಾಸಿ, ಅಂಗೈಯಿಂದ ಸವರುತ್ತಿದ್ದಳು. ಸುಕ್ಕು ಹೋಗುವವರೆಗೆ ಸೂಜಿ ಮುಟ್ಟುತ್ತಿರಲಿಲ್ಲ.

"ಟಾಕು ಸಣ್ಣದಿರಲಿ ತಂಗಿ, ದಾರ ಭಾಳ ಜಗ್ಗಬ್ಯಾಡ. ಜಗ್ಗಿದ್ರ ಬಟ್ಟಿ ಮುದ್ದಿ ಆಗತೈತಿ" ಎನ್ನುತ್ತಿದ್ದಳು. ಕೌದಿಯ ವಿದ್ಯೆಯೆಲ್ಲ ಹೆಚ್ಚುಕಡಿಮೆ ಅಷ್ಟೇ. ಸೂಜಿ ಕೆಳಗೆ ಹೋಗಬೇಕು, ಮೇಲೆ ಬರಬೇಕು. ಅಂಚಿನಿಂದ ಶುರುಮಾಡಿ, ಚೌಕದ ಸುತ್ತ ಸುತ್ತುತ್ತಾ, ಒಂದೊಂದೇ ಬೆರಳು ಅಂತರ ಬಿಟ್ಟು ನಡುವಿಗೆ ಬರಬೇಕು. ಎಂಟು ವರ್ಷದ ಹುಡುಗಿಗೆ ಒಂದು ಮಧ್ಯಾಹ್ನದಲ್ಲಿ ಬಂದ ಕೆಲಸ ಅದು.

ಹೋದ ವರ್ಷ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕಸೂತಿಯ ಸಿದ್ಧ ಪೆಟ್ಟಿಗೆಯೊಂದನ್ನು ಕೊಂಡೆ. ಚಿತ್ರ ಅಚ್ಚಾದ ಬಟ್ಟೆ, ಅಳೆದು ಕತ್ತರಿಸಿದ ದಾರ, ಮರದ ಚೌಕಟ್ಟು, ಯಾವ ಬಣ್ಣ ಎಲ್ಲಿಗೆ ಎಂದು ಹೇಳುವ ಚೀಟಿ, ಎಲ್ಲವೂ ಇತ್ತು. ನಾಲ್ಕು ಸಂಜೆಯಲ್ಲಿ ಮುಗಿಯಿತು. ಅಂದವಾಗಿಯೇ ಇದೆ. ಆದರೆ ನಿರ್ಧಾರಗಳನ್ನೆಲ್ಲ ಬೇರೆ ಯಾರೋ ಮಾಡಿಬಿಟ್ಟಿದ್ದರು, ನನ್ನ ಕೈಗೆ ಉಳಿದದ್ದು ಆಜ್ಞೆ ಪಾಲಿಸುವುದೊಂದೇ. ಹವ್ಯಾಸವನ್ನು ಹಾಗೆ ಪೆಟ್ಟಿಗೆಯಲ್ಲಿ ತರಬಾರದು ಎಂದು ನನಗೆ ಆಗ ಖಾತ್ರಿಯಾಯಿತು. ಅದು ಮನೆಯಲ್ಲಿ ಬಿದ್ದಿರುವ ವಸ್ತುವಿನಿಂದಲೇ ಹುಟ್ಟಬೇಕು.

ನಿಜವಾದ ಕಸೂತಿಗೆ ಅಚ್ಚಿನ ಹಂಗಿಲ್ಲ. ನಮ್ಮ ಕಡೆ ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ ಎಲ್ಲ ಮೂಡುತ್ತಿದ್ದದ್ದು ಬಟ್ಟೆಯ ಎಳೆ ಎಣಿಸುವುದರಿಂದ. ಗವಂತಿ, ಮುರ್ಗಿ, ನೇಯ್ಗೆ, ಮೆಂಥೆ ಎಂದು 4 ಬಗೆಯ ಹೊಲಿಗೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಮನೆ ತುಂಬುತ್ತಾ ಹೋಗುತ್ತದೆ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತಾ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು. ಹೋಗುವಾಗ ಒಂದೇ ಒಂದು ಎಳೆ ತಪ್ಪಿ ಎಣಿಸಿದರೆ, ತೇರಿನ ಕಳಸದ ಹತ್ತಿರ ಬಂದಾಗ ರೇಖೆ ಕೂಡುವುದಿಲ್ಲ, ಬಿಚ್ಚುತ್ತಾ ವಾಪಸು ನಡೆಯಬೇಕು. ನಮ್ಮವ್ವ ಹಾಗೆ ಬಿಚ್ಚುವಾಗ ಬೇಸರಪಟ್ಟಿದ್ದನ್ನು ನಾನು ನೋಡಿಲ್ಲ. ಬಿಚ್ಚುವುದೂ ಅವಳಿಗೆ ಕಸೂತಿಯ ಭಾಗವೇ ಆಗಿತ್ತು. ಸೀರೆಯ ಎಳೆ ಎಣಿಸಲು ಕಣ್ಣು ಸಾಲದವರು ಮ್ಯಾಟಿ ಬಟ್ಟೆಯಲ್ಲಿ ಶುರುಮಾಡಬಹುದು. ಅದರ ಮನೆಗಳು ದೊಡ್ಡವು, ಬಟ್ಟೆ ಅಂಗಡಿಯಲ್ಲಿ ಅರ್ಧ ಮೀಟರು ಕೇಳಿದರೂ ಕೊಡುತ್ತಾರೆ.

ಸೂಜಿಯೂ ಬೇಡ ಎನ್ನುವವರಿಗೆ ಹತ್ತಿ ಇದೆ. ನಮ್ಮ ಮೇಲಿನ ಮನೆಯಲ್ಲಿರುವ ಮೈಸೂರಿನ ಅಮ್ಮನವರು ಸಂಜೆ ಬಾಲ್ಕನಿಯಲ್ಲಿ ಕೂತು ಗೆಜ್ಜೆವಸ್ತ್ರ ಮಾಡುತ್ತಾರೆ. ಬೀಜ ತೆಗೆದ ಹತ್ತಿಯನ್ನು ಎಳೆಯಾಗಿ ಎಳೆದು, ಅಷ್ಟಷ್ಟು ದೂರಕ್ಕೆ ಒದ್ದೆ ಬೆರಳಲ್ಲಿ ಹೊಸೆದರೆ ನಡುನಡುವೆ ಗೆಜ್ಜೆ ಉಬ್ಬಿಕೊಳ್ಳುತ್ತದೆ, ಹೊಸೆದ ಜಾಗಕ್ಕೆ ಕುಂಕುಮ. ನಾನು ಮಾಡಿದರೆ ಎಳೆ ಕೈಗೇ ಕಿತ್ತು ಬರುತ್ತಿತ್ತು. "ಅವಸರ ಮಾಡ್ಬೇಡಿ ಕಣಮ್ಮ, ಬೆರಳ ತುದೀನ ಒಂಚೂರು ಹಾಲಲ್ಲಿ ಅದ್ಕೊಳ್ಳಿ, ಆಮೇಲೆ ಹತ್ತಿ ನಿಮ್ಮ ಮಾತು ಕೇಳುತ್ತೆ" ಎಂದರು. ಕೇಳಿತು. ಅವರು ಈಗ ಲಕ್ಷಬತ್ತಿಯ ಹರಕೆ ಹೊತ್ತಿದ್ದಾರೆ. ದಿನಕ್ಕೆ 100 ಬತ್ತಿ ಹೊಸೆದರೆ 1,000 ದಿನ, ಅಂದರೆ ಮೂರು ವರ್ಷಕ್ಕೆ ಸ್ವಲ್ಪ ಕಮ್ಮಿ. ಲೆಕ್ಕ ಕೇಳಿ ನನಗೆ ಎದೆ ಝಲ್ಲೆಂದಿತು. ಅವರಿಗೆ ಮಾತ್ರ ಅದು ನಾಳೆ ಸಂಜೆಗೂ ಕೆಲಸ ಇದೆ ಎಂಬ ನೆಮ್ಮದಿ. ಹೂ ಕಟ್ಟುವುದನ್ನೂ ಅವರಿಂದಲೇ ತಿದ್ದಿಸಿಕೊಂಡೆ. ನೂಲಿನ ದಾರ ತೊಟ್ಟನ್ನು ಕತ್ತರಿಸಿಬಿಡುತ್ತದೆ, ನೀರಲ್ಲಿ ನೆನೆಸಿದ ಬಾಳೆನಾರು ಹಾಗಲ್ಲ, ಮೆತ್ತಗೆ ಹಿಡಿಯುತ್ತದೆ.

ಕೌದಿಗೆ ಮರಳುತ್ತೇನೆ, ಮನಸ್ಸು ಇರುವುದೇ ಅಲ್ಲಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳನ್ನು ಒಮ್ಮೆಯಾದರೂ ಕಣ್ತುಂಬ ನೋಡಬೇಕು. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ವಂಶದವರು ಇವರು. ಕೆಂಪು, ಹಸಿರು, ಹಳದಿ ತುಂಡುಗಳನ್ನು ಒಂದರ ಪಕ್ಕ ಒಂದು ಇಟ್ಟು ಹೊಲಿಯುವಾಗ ಬಣ್ಣಕ್ಕೆ ಅವರು ಅಂಜುವುದೇ ಇಲ್ಲ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ 'ಫೂಲ' ಕೂಡಿಸುತ್ತಾರೆ. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಹೊದ್ದು ಮಲಗುವ ವಸ್ತುವಿಗೂ ಮೈಮುಚ್ಚುವ ಮರ್ಯಾದೆ ಕೊಡುವ ಈ ಯೋಚನೆ ನೆನಪಾದಾಗಲೆಲ್ಲ ಮನಸ್ಸು ತುಂಬುತ್ತದೆ.

ನಾನು ಈ ಶ್ರಾವಣದಲ್ಲಿ ಶುರುಮಾಡಿದ್ದು ಒಂದೇ ಸೀರೆಯ ಕೌದಿ. ಐದೂವರೆ ಮೀಟರಿನ ಸೀರೆಯನ್ನು ಐದು ಮಡಿಕೆ ಮಾಡಿದರೆ ಮೀಟರಿಗಿಂತ ತುಸು ದೊಡ್ಡ ಚೌಕ ಸಿಗುತ್ತದೆ, ಕೂಸಿಗೆ ಸಾಕು. ಸೀರೆ ಮಾತ್ರ ಹತ್ತಿಯದೇ ಆಗಬೇಕು, ಎಷ್ಟು ಹಳತಾದರೆ ಅಷ್ಟು ಒಳ್ಳೆಯದು. ಪಾಲಿಯೆಸ್ಟರ್ ಜಾರುತ್ತದೆ, ಬೆವರು ಹೀರುವುದಿಲ್ಲ. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಮಡಿಕೆಗಳನ್ನು ಹಿಡಿಸಿಕೊಂಡರೆ ಒಳಗಿನ ಬಟ್ಟೆ ಸರಿಯುವುದಿಲ್ಲ. ಐದು ಪದರ ದಾಟಲು ದಪ್ಪ ಸೂಜಿ ಬೇಕು. ಸೂಜಿಯ ಹಿಂಭಾಗ ಒತ್ತುವ ಬೆರಳಿಗೆ ಬಟ್ಟೆಯ ಚೂರು ಸುತ್ತಿಕೊಳ್ಳುತ್ತೇನೆ. ಸೂಜಿಗೂ ದಾರದ ಉಂಡೆಗಳಿಗೂ ಸೇರಿ ನೂರು ರೂಪಾಯಿ ದಾಟಲಿಲ್ಲ.

ಆಯಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಣರೊಟ್ಟಿಯ ಚೂರೊಂದನ್ನು ಒಳಗಿಡುತ್ತಿದ್ದಳು. ಹೊದ್ದವರಿಗೆ ಹಸಿವು ಬಾರದಿರಲಿ ಎಂದು. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು, ಆ ಮಾತನ್ನು ನಾನು ಕೇಳಿ ತಿಳಿದುಕೊಳ್ಳಲಿಲ್ಲ. ಈಗ ಕೇಳಲು ಅವಳಿಲ್ಲ. ನಿಮ್ಮ ಮನೆಯಲ್ಲಿ ಕೌದಿ ಹೊಲಿದ, ಬತ್ತಿ ಹೊಸೆದ, ಹೂ ಕಟ್ಟಿದ ಕೈಗಳು ಇನ್ನೂ ಇದ್ದರೆ ದಯವಿಟ್ಟು ಈ ಭಾನುವಾರವೇ ಒಂದು ಹಳೆಯ ಸೀರೆ ಹಿಡಿದು ಅವರ ಪಕ್ಕ ಕೂತುಕೊಳ್ಳಿ. ಟಾಕು ಎಷ್ಟು ದೂರಕ್ಕೆ ಹಾಕಬೇಕು ಎಂದು ಕೇಳಿ.