ಅಮ್ಮನ ಮೊಣಕಾಲಿಗೆ ತಕ್ಕ ಒಂದು ಟ್ರೆಕ್

ಕಳೆದ ವರ್ಷ ಕೊಡಚಾದ್ರಿಗೆ ಹೋದಾಗ ಅಮ್ಮ ಜೀಪಿನ ಹತ್ತಿರವೇ ಉಳಿದಳು. ಕೊಲ್ಲೂರಿನಿಂದ ಜೀಪಿನಲ್ಲಿ ಕುಲುಕಾಡಿಕೊಂಡು ಮೇಲೆ ಹೋದರೂ ಸರ್ವಜ್ಞ ಪೀಠದವರೆಗೆ ನಡೆದೇ ಹತ್ತಬೇಕು. ನಾಲ್ಕು ಹೆಜ್ಜೆ ಇಟ್ಟವಳೇ ಮೊಣಕಾಲು ಹಿಡಿದುಕೊಂಡು, "ನೀವ್ ಹೋಯ್ ಬನ್ನಿ, ನಾ ಇಲ್ಲೇ ಕೂಕಂಡಿರ್ತೆ" ಅಂದಳು. ನಾವು ಹೋದೆವು, ಫೋಟೊ ತೆಗೆದೆವು. ಎರಡು ಗಂಟೆ ಬಿಟ್ಟು ಬಂದರೆ ಮೊಮ್ಮಗಳ ಸ್ವೆಟರ್ ಮಡಚಿಟ್ಟುಕೊಂಡು ಕೂತಿದ್ದಳು. "ಬೇಜಾರಾಯ್ತಾ?" ಅಂದೆ. "ಎಂತಕ್ಕೆ?" ಅಂದಳು. ನಾನೂ ನಂಬಿಬಿಟ್ಟೆ.

ಈ ಸಲ ಡಿಸೆಂಬರ್ ರಜೆಗೆ ಕೋಟದ ಮನೆಗೆ ಹೋದಾಗ ಮಗಳು ಫೋನಿನಲ್ಲಿ ಆರು ಮೂಲೆಯ ಕಲ್ಲುಗಳ ಚಿತ್ರ ನೋಡಿ, ಇದನ್ನು ಯಾರು ಕತ್ತರಿಸಿದ್ದು ಅಂತ ಹಿಡಿದಳು. ಸೇಂಟ್ ಮೇರೀಸ್ ದ್ವೀಪ. ಮಲ್ಪೆಯಿಂದ ಬೋಟು, ಮಲ್ಪೆಗೆ ನಮ್ಮ ಮನೆಯಿಂದ ಕಾರಲ್ಲಿ ಒಂದು ಗಂಟೆಯೂ ಬೇಡ. ಅಮ್ಮನಿಗೆ ಅರವತ್ತೆರಡು. ದಡದಲ್ಲಿ ನಿಂತು ದ್ವೀಪ ನೋಡಿದ್ದಾಳೆ, ಕಾಲಿಟ್ಟಿಲ್ಲ. ಬೆಂಗಳೂರಿಂದ ವೋಲ್ವೊ ಹತ್ತಿ ಬಂದವರೆಲ್ಲ ನೋಡಿ ಹೋಗುತ್ತಾರೆ, ಪಕ್ಕದಲ್ಲಿದ್ದವರದ್ದು ಯಾವಾಗಲೂ 'ಮತ್ತೆ ಹೋದ್ರಾಯ್ತು'.

ಈ ಸಲ ಯಾರೂ ಕಾಯುತ್ತಾ ಕೂರಬಾರದು ಅಂತ ಹೆಂಡತಿ ಮೊದಲೇ ಹೇಳಿದ್ದಳು. ಆಫೀಸಿನ ಚಟ, ಒಂದು ಶೀಟ್ ಮಾಡಿದೆ. ಆದರೆ ಅದರಲ್ಲಿ ಹಾಕುವುದೇನು? ಅಮ್ಮ ಎಷ್ಟು ದೂರ ನಡೆಯಬಲ್ಲಳು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕೇಳಿದರೆ "ನಂಗೆಂತಾಯಿಲ್ಲ" ಅನ್ನುವ ಪೈಕಿ.

ಬೈಂದೂರಿನಲ್ಲಿ ನೆಂಟರ ಮದುವೆ ಇತ್ತು. ಊಟ ಮುಗಿಸಿ ಸಂಜೆ ಒತ್ತಿನೆಣೆಗೆ ಕರೆದುಕೊಂಡು ಹೋದೆ. ಮುರಕಲ್ಲಿನ ಗುಡ್ಡ, ಕೆಳಗೆ ಸಮುದ್ರ. ಸೂರ್ಯಾಸ್ತದ ನೆಪ, ನಿಜವಾಗಿ ಅದು ನನ್ನ ಟೆಸ್ಟಿಂಗ್. ಸಮತಟ್ಟಿನಲ್ಲಿ ಹದಿನೈದು ನಿಮಿಷ ಆರಾಮಾಗಿ ನಡೆದಳು. ಹತ್ತುವುದೂ ಪರವಾಗಿಲ್ಲ. ಇಳಿಯುವಾಗ ಮಾತ್ರ ನನ್ನ ಭುಜ ಬೇಕಾಯಿತು. ಇಷ್ಟು ವರ್ಷ ನಾನು ಹತ್ತುವುದೇ ಕಷ್ಟ ಅಂದುಕೊಂಡಿದ್ದೆ.

ಆಮೇಲೆ ಉಳಿದದ್ದು ಸುಲಭ. ಮಳೆಗಾಲದಲ್ಲಿ ಬೋಟು ಇಲ್ಲ, ಮಾರ್ಚ್ ನಂತರ ಕಲ್ಲು ಕಾಯುತ್ತದೆ, ಹಾಗಾಗಿ ಈಗಲೇ. ಬೆಳಗಿನ ಮೊದಲ ಬೋಟು. ದ್ವೀಪದಲ್ಲಿ ತೆಂಗಿನ ಮರ ಬಿಟ್ಟರೆ ಹೆಚ್ಚು ನೆರಳಿಲ್ಲ, ಆದ್ದರಿಂದ ಕೊಡೆ, ಟೋಪಿ, ಬೇಕಾದಷ್ಟು ನೀರು. ಅಮ್ಮನ ಹವಾಯಿ ಚಪ್ಪಲಿ ಮನೆಯಲ್ಲಿ ಬಿಡಿಸಿ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಕೊಡಿಸಿದ್ದಕ್ಕೆ ಎರಡು ದಿನ ರೇಟಿನ ವಿಷಯದಲ್ಲಿ ಬೈಸಿಕೊಂಡೆ. ಒಪ್ಪಂದ ಒಂದೇ: ಅಮ್ಮ ಎಲ್ಲಿಯವರೆಗೋ ಅಲ್ಲಿಯವರೆಗೆ ಎಲ್ಲರೂ.

ಶೀಟಿನಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ದೊಡ್ಡ ಬೋಟು ದ್ವೀಪದ ದಡದವರೆಗೆ ಹೋಗಲಿಲ್ಲ, ನಡುವೆ ಚಿಕ್ಕ ದೋಣಿಗೆ ಇಳಿಸಿದರು. ಅಲೆಗೆ ದೋಣಿ ಏಳುತ್ತೆ, ಬೀಳುತ್ತೆ. ಮತ್ತೆ ಅದೇ ಇಳಿಯುವ ಕೆಲಸ! ಅಮ್ಮ ಅಂಚು ಹಿಡಿದು ನಿಂತುಬಿಟ್ಟಳು. ಹಿಂದೆ ಕಾಲೇಜು ಹುಡುಗರ ಸಾಲು. ಅವಳ ಮುಖದಲ್ಲಿ "ನೀವ್ ಹೋಯ್ ಬನ್ನಿ" ಅನ್ನುವ ಮಾತು ಹೊರಡುತ್ತಿರುವುದು ನನಗೆ ಕಂಡಿತು. ಅಷ್ಟರಲ್ಲಿ ದೋಣಿಯವರು "ಅಮ್ಮ, ಕೈ ಕೊರ್ಲೆ" ಅಂತ ಎರಡೂ ಕೈ ಚಾಚಿದರು. ಅಲೆ ಮೇಲೆ ಬಂದ ಹೊತ್ತು ನೋಡಿ ಎಳೆದುಕೊಂಡರು, ಅಷ್ಟೇ. ನನ್ನ ಎದೆ ಬಡಿತ ಇಳಿಯಲು ಮಾತ್ರ ದಡವೇ ಬರಬೇಕಾಯಿತು.

ದ್ವೀಪ ದೊಡ್ಡದೇನಲ್ಲ, ಉದ್ದ ಸುಮಾರು ಅರ್ಧ ಕಿಲೋಮೀಟರ್. ಮರಳು, ಚಿಪ್ಪು, ತೆಂಗಿನ ಮರ ದಾಟಿದರೆ ಕಲ್ಲಿನ ಕಂಬಗಳು. ಐದು, ಆರು, ಏಳು ಮೂಲೆಯವು, ಒತ್ತೊತ್ತಾಗಿ ನಿಂತಿವೆ. ಕೆಲವು ಆಳೆತ್ತರಕ್ಕಿಂತ ಮೇಲೆ, ಕೆಲವು ಮೆಟ್ಟಿಲಿನ ಹಾಗೆ ತುಂಡಾದವು. ಮಗಳು ಮೂಲೆ ಎಣಿಸಲು ಕೂತಳು. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅಮ್ಮ, "ಬೇಸ್ಗೆಗ್ ಗದ್ದಿ ಬಿರ್ಕ್ ಬಿಟ್ಟಾಂಗಿತ್ತ್ ಕಾಣ್" ಅಂದಳು.

ಸರಿಯಾಗಿ ಅದೇ. ಸುಮಾರು 8.8 ಕೋಟಿ ವರ್ಷದ ಹಿಂದೆ, ನಮಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಇದು. ಆರುತ್ತಾ ಕುಗ್ಗಿತು, ಕುಗ್ಗುತ್ತಾ ಮೇಲ್ಮೈ ಬಿರಿಯಿತು, ಬಿರುಕು ನೇರ ಕೆಳಗಿಳಿದು ಕಂಬಗಳಾದವು. ಒಣಗಿದ ಗದ್ದೆಯಲ್ಲೂ ನಡೆಯುವುದು ಅದೇ, ಅಲ್ಲಿ ನೀರು ಹೋಗುತ್ತದೆ, ಇಲ್ಲಿ ಬಿಸಿ ಹೋಯಿತು. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲೂ ಇಂಥದ್ದೇ ಕಂಬಗಳಿವೆ, ಅದು 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ನಮ್ಮದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆದರೂ ಬಂದವರಲ್ಲಿ ಅರ್ಧ ಜನ ಕಂಬಕ್ಕೆ ಬೆನ್ನು ಹಾಕಿ ಸೆಲ್ಫಿಯಲ್ಲೇ ಇದ್ದರು. ಅಲೆ ಹೊಡೆಯುವ ಕಡೆಯ ಕಲ್ಲು ಪಾಚಿ ಕಟ್ಟಿ ಜಾರುತ್ತದೆ ಮಾರ್ರೆ, ಒದ್ದೆ ಕಲ್ಲು ಕಂಡರೆ ಹತ್ತಲೇಬೇಡಿ. ಮಕ್ಕಳಿದ್ದರಂತೂ ಕೈ ಬಿಡಬೇಡಿ.

ಒಣ ಕಲ್ಲಿನ ಮೇಲೆ ನಿಧಾನಕ್ಕೆ ನಡೆದೆವು. ಇಪ್ಪತ್ತು ನಿಮಿಷಕ್ಕೆ ಅಮ್ಮ ಒಂದು ಗಿಡ್ಡ ಕಂಬದ ಮೇಲೆ ಕೂತಳು, ಆರು ಮೂಲೆಯ ಸ್ಟೂಲಿನ ಹಾಗಿತ್ತು. ನಾವೂ ಸುತ್ತ ಕೂತೆವು. ನೀರು ಕುಡಿದು ಸಮುದ್ರ ನೋಡುತ್ತಲೇ, "ಅವತ್ತ್ ಕೊಡಚಾದ್ರಿಯಗೆ ನಂಗೂ ಮೇಲ್ ಹೋಪುಕ್ ಮನ್ಸಿತ್ತ್" ಅಂದಳು. "ಮತ್ತೆ ಹೇಳಲಿಲ್ಲ?" ಅಂದೆ. "ಹೇಳಿರೆ ನೀವ್ ಯಾರೂ ಹೋತಿರ್ಲಿಲ್ಲ."

ಹೆಂಡತಿ ನನ್ನ ಮುಖ ನೋಡಿದಳು. ನಾನು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತೆ.

ದ್ವೀಪದ ಆ ತುದಿಗೆ ನಾವು ಹೋಗಲಿಲ್ಲ. ಮಗಳು ಸ್ವಲ್ಪ ಹೊತ್ತು ಮೂತಿ ಊದಿಸಿದಳು, ಆಮೇಲೆ ಅಜ್ಜಿ ಕೂತ ಕಂಬಕ್ಕೆ ಎಷ್ಟು ಮೂಲೆ ಅಂತ ನೋಡಬೇಕು, ಏಳು ಅಂದಳು. ಅಮ್ಮ ನನ್ನ ಭುಜ ಹಿಡಿದು ಎದ್ದಳು. ವಾಪಸ್ ಹೋಗುವಾಗ ಚಿಕ್ಕ ದೋಣಿಯಿಂದ ದೊಡ್ಡದಕ್ಕೆ ಹತ್ತುವುದು ತಾನೇ, ಅದು ಅವಳಿಗೆ ಕಷ್ಟವೇ ಆಗಲಿಲ್ಲ.